ಒಕ್ಕಲಾಗದವನ ನಾಮಪತ್ರ

ಗ್ರಾಮ ಪಂಚಾಯಿತಿ ಚುನಾವಣೆಗೆ ನಾಮಪತ್ರ ಹಾಕಲು ಕೊನೆಯ ದಿನ, ಸೋಮವಾರ, ಬೆಳಗ್ಗೆ ಏಳು ಗಂಟೆ. ಹಾಜರಿದ್ದವರು: ನಾನು, ತೀರಿಹೋದ ನನ್ನ ತಮ್ಮನ ಹೆಂಡತಿ, ಅವಳ ಮಗ. ಹುಡುಗ ಡೈರಿಗೆ ಹಾಲು ಹಾಕಿ ಬಂದಿದ್ದ. ನಾನು ವ್ಯಾಯಾಮ, ಸ್ನಾನ ಮುಗಿಸಿದ್ದೆ. ಡ್ರಿಲ್ ಮೇಷ್ಟ್ರಿಗೆ ನಿವೃತ್ತಿ ಎಂದರೆ ಕೊರಳಲ್ಲಿ ಸೀಟಿ ಇಲ್ಲದಿರುವುದು, ಅಷ್ಟೇ.

ಹುಡುಗನಿಗೆ ನಮ್ಮ ವಾರ್ಡಿನಿಂದ ನಿಲ್ಲುವ ಹಟ. ಕಾನೂನು ಕೇಳುವ ವಯಸ್ಸು ಅವನಿಗೆ ಎಂದೋ ಆಗಿದೆ. ಆಗದಿರುವುದು ಮದುವೆ. ಅಕ್ಕಿಹೆಬ್ಬಾಳಿನ ಈಚೆಗಿರುವ ನಮ್ಮೂರಿನಲ್ಲಿ ಮದುವೆಯಾಗದ ಗಂಡಸು ಒಕ್ಕಲಲ್ಲ, ಅಂದರೆ ಊರ ಲೆಕ್ಕಕ್ಕೆ ಒಂದು ಮನೆಯಲ್ಲ. ಒಕ್ಕಲಲ್ಲದವನಿಗೆ ಹಬ್ಬಕ್ಕೆ ಮನೆಗಿಷ್ಟೆಂದು ಎತ್ತುವ ವರಿ ಇಲ್ಲ, ಊರ ಕೂಟದಲ್ಲಿ ಬಾಯಿಯೂ ಇಲ್ಲ. ಹೆಣ್ಣಿನ ಕಡೆಯವರಾದರೋ, ಹಸು ಕಟ್ಟುವವನಿಗೆ ಕೊಡುವುದಿಲ್ಲ, ಏನಾದರೂ ಸ್ಥಾನಮಾನ ಇರಬೇಕು ಎನ್ನುತ್ತಾರೆ. ಸ್ಥಾನಕ್ಕೆ ಹೆಂಡತಿ ಬೇಕು, ಹೆಂಡತಿಗೆ ಸ್ಥಾನ ಬೇಕು. ಊರಿನ ಅರ್ಧ ಹುಡುಗರು ಈ ಗಾಣ ಸುತ್ತುತ್ತಿದ್ದಾರೆ.

ಹಿಂದಿನ ಸಂಜೆ ಕೂಟದಲ್ಲಿ ಹಿರಿಯರು ಹಳೇ ಮೆಂಬರನ್ನೇ ಅವಿರೋಧವಾಗಿ ಆರಿಸುವುದೆಂದು ತೀರ್ಮಾನಿಸಿದ್ದರು. ಇವನು ಎದ್ದು ನಿಂತಾಗ ಒಬ್ಬರು, "ಮೊದ್ಲು ಒಕ್ಕಲಾಗ್ಲಾ, ಆಮ್ಯಾಕೆ ಮೆಂಬರಾಗೀವಂತೆ," ಎಂದು ನಗಿಸಿದರು.

"ಓಟು ಕೇಳೋಕೆ ಬಂದಾಗ ನಾನು ಒಕ್ಕಲಾ?" ಎಂದ ಇವನು. ನಗು ನಿಂತಿತು.

ಅದರ ಫಲವಾಗಿ ಈ ಬೆಳಗ್ಗೆ ಮೆಂಬರು ನಮ್ಮ ಮನೆಗೇ ಬಂದ. ಅವನು ನನ್ನ ಹಳೇ ಶಿಷ್ಯ. ಓಟದ ಪಂದ್ಯದಲ್ಲಿ ಅಡ್ಡಗಾಲು ಕೊಡುವುದರಲ್ಲಿ ಆಗಲೇ ಹೆಸರು ಮಾಡಿದ್ದ.

"ಅಕ್ಕಯ್ಯ, ನಾಗಮಂಗಲದಲ್ಲಿ ಒಳ್ಳೆ ಹೆಣ್ಣದೆ. ಇವತ್ತೇ ಹನ್ನೊಂದಕ್ಕೆ ಬನ್ನಿ ಅಂದವ್ರೆ. ಕಾರು ನಂದು."

ನಾಮಪತ್ರ ತೆಗೆದುಕೊಳ್ಳುವುದು ಹನ್ನೊಂದರಿಂದ ಮೂರರವರೆಗೆ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು, ವಂಶಾವಳಿ ಕೇಳಿ, ಊಟಕ್ಕೂ ಕೂರಬೇಕು. ಉಣ್ಣದೆ ಎದ್ದರೆ ಹೆಣ್ಣು ಬೇಡವೆಂದ ಹಾಗೆ. ನಾಲ್ಕಕ್ಕೆ ಮುಂಚೆ ಬಿಡುಗಡೆಯಿಲ್ಲ. ಶಿಷ್ಯ ಲೆಕ್ಕ ಸರಿಯಾಗಿಯೇ ಹಾಕಿದ್ದ.

ನಮ್ಮ ಹುಡುಗ ನೆಲ ನೋಡುತ್ತ ನಿಂತ. ಮೂರು ವರ್ಷದಲ್ಲಿ ಮನೆಬಾಗಿಲಿಗೆ ಬಂದ ಮೊದಲ ಸಂಬಂಧ ಅದು.

"ನಾಳೆ ಹೋದ್ರಾಗಲ್ವಾ?" ಎಂದ.

"ನಾಳೆ ಅಷ್ಟಮಿ ಕಣ್ಲಾ," ಎಂದ ಮೆಂಬರು.

"ಇದ ಬುಟ್ರೆ ಇನ್ಯಾರ್ಲಾ ಕೊಡ್ತಾರೆ ನಿಂಗೆ?" ಎಂದಳು ತಾಯಿ.

ಅವನು ಒಳಗೆ ಹೋಗಿ, ಹೆಣ್ಣು ನೋಡಲೆಂದೇ ತಾಯಿ ಹೊಲಿಸಿಟ್ಟಿದ್ದ ಬಿಳಿ ಶರಟು ಹಾಕಿಕೊಂಡು ಬಂದ. ಅವಳ ಮುಖ ಅರಳಿತು. ಅವನು ಬೈಕು ಹತ್ತಿ, "ದೊಡ್ಡಪ್ಪ, ಪಂಚಾಯ್ತಿ ಆಫೀಸ್ಗೆ ಬತ್ತೀಯಾ?" ಎಂದ. ಅವಳು ಬಾಗಿಲು ಹಾಕಿಕೊಂಡಳು.

ಆಫೀಸಿನಲ್ಲಿ ಇನ್ನೊಂದು ತಡೆ. ನಾಮಪತ್ರಕ್ಕೆ ಅದೇ ವಾರ್ಡಿನ ಒಬ್ಬ ಸೂಚಕ ಬೇಕು. ಸಹಿ ಹಾಕುತ್ತೇನೆಂದಿದ್ದ ಗೆಳೆಯರು ಫೋನೇ ಎತ್ತಲಿಲ್ಲ; ಅವರ ಅಪ್ಪಂದಿರು ಬೆಳಗ್ಗೆಯೇ ಒಬ್ಬನನ್ನು ಪಾಂಡವಪುರದ ನೆಂಟರ ಮನೆಗೆ, ಇನ್ನೊಬ್ಬನನ್ನು ಗಂಜಾಂ ದೇವಸ್ಥಾನಕ್ಕೆ ಅಟ್ಟಿದ್ದರು. ಊರಿನ ಹುಡುಗರಿಗೆ ಅಷ್ಟು ಭಕ್ತಿ ಹಿಂದೆಂದೂ ಬಂದಿರಲಿಲ್ಲ.

ಹೆಂಡತಿ ತೀರಿಕೊಂಡಿದ್ದರೂ ಊರ ಲೆಕ್ಕದಲ್ಲಿ ನಾನಿನ್ನೂ ಒಕ್ಕಲು. ಸಹಿ ಹಾಕಿದೆ. ಬಾಗಿಲಲ್ಲಿ ಮೆಂಬರು ನಿಂತಿದ್ದ.

"ಮೇಷ್ಟ್ರೇ, ಊರೇ ಒಂದಾಗಿರೋವಾಗ ನೀವು ಇಂಗಾ ಮಾಡೋದು? ನಿಮ್ಗೂ ಒಂದು ಹೆಣ್ಣು ನೋಡ್ಬೇಕಿತ್ತಾ?"

"ಈ ಸಲ ಬ್ಯಾಡ ಕಣಪ್ಪ, ಮುಂದಿನ ಚುನಾವಣೆಗೆ ನೋಡು," ಎಂದೆ.

ಸಂಜೆ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ನಾಗಮಂಗಲದವರಿಗೆ ಹೇಳುವ ಕೆಲಸ ಉಳಿದಿತ್ತು. ಮೆಂಬರು ಬೆಳಗ್ಗೆ ಕೊಟ್ಟುಹೋಗಿದ್ದ ನಂಬರಿಗೆ ಫೋನು ಮಾಡಿ, ಹುಡುಗ ಯಾಕೆ ಬರಲಿಲ್ಲವೆಂದು ಇದ್ದದ್ದನ್ನು ಇದ್ದ ಹಾಗೆ ಹುಡುಗಿಯ ತಂದೆಗೆ ಹೇಳಿದೆ.

"ಗೆದ್ರೆ ಬನ್ನಿ," ಎಂದರು. "ಸೋತ್ರೆ?" ಎಂದೆ.

"ಸೋತ್ರೆ ನಾವೇ ಬಂದು ಹಸು ನೋಡ್ತೀವಿ."

ಅದನ್ನು ತಾಯಿ ಮಗ ಇಬ್ಬರಿಗೂ ಒಂದಕ್ಷರ ಬಿಡದೆ ಒಪ್ಪಿಸಿದೆ. ಅವಳು ಮಗನ ಕಡೆ ನೋಡದೆ ಎದ್ದು ಮುದ್ದೆಗೆ ಎಸರಿಟ್ಟಳು. ನಾನು ಫೋನು ಚಾರ್ಜಿಗೆ ಹಾಕಿದೆ.