ವಾಸಿಯಾಗಿದೆ ಎಂದು ಹೇಳಬಾರದು

ನಮ್ಮ ಮನೆಯಲ್ಲಿ ಯಾರೂ 'ಚೆನ್ನಾಗಿದ್ದೇನೆ' ಎನ್ನುವಂತಿರಲಿಲ್ಲ. ಹೇಳಿದರೆ ದೃಷ್ಟಿ ತಗುಲುತ್ತದೆ ಎಂದು ಅವ್ವನ ನಂಬಿಕೆ. ಭೀಮನಬೀಡಿನ ಅವಳ ತವರಿನಲ್ಲಿ ಹೊಲದ ತುಂಬ ನಿಂತ ಬೆಳೆಯನ್ನೂ 'ಏನೋ ಒಸಿ ಅದೆ' ಎನ್ನುವುದೇ ರೂಢಿ. ಎಂ.ಎ. ಮಾಡಿ ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾನೂ, ಹೇಗಿದ್ದೀರಿ ಎಂದವರಿಗೆಲ್ಲ 'ಪರವಾಗಿಲ್ಲ' ಎಂದುಬಿಡುತ್ತಿದ್ದೆ.

ಕ್ರೋನ್ಸ್ ಬಂದಾಗ ಈ ಅಭ್ಯಾಸ ಪೇಚಿಗೆ ಸಿಕ್ಕಿಸಿತು. ಕರುಳು ಒಳಗೊಳಗೇ ಹುಣ್ಣಾಗುವ ಕಾಯಿಲೆ ಅದು. ಮಾತ್ರೆಗಳು ನಾಟದೆ, ಮೈಸೂರಿನ ಡಾಕ್ಟರು ಬಯಾಲಜಿಕ್ ಎಂಬ ಔಷಧವನ್ನು ಡ್ರಿಪ್ಪಿನಲ್ಲಿ ಕೊಡತೊಡಗಿದರು. ಎರಡು ಸಾವಿರದ ಆ ದಶಕದಲ್ಲಿ ನಮ್ಮ ಕಡೆಗೆ ಅದು ಹೊಸದು. ಕೆಲವರಿಗೆ ಹಿಡಿಯುತ್ತದೆ, ಕೆಲವರಿಗೆ ಇಲ್ಲ. ಹಿಡಿಯದಿದ್ದರೆ ನಿಲ್ಲಿಸಿ ಆಪರೇಷನ್ ಮಾಡಬೇಕಾಗುತ್ತದೆ ಎಂದು ಮೊದಲೇ ಹೇಳಿದ್ದರು.

ಮೂರು ಡ್ರಿಪ್ ಮುಗಿದ ಮೇಲೆ ತೀರ್ಮಾನದ ದಿನ ಬಂತು. ರಕ್ತಪರೀಕ್ಷೆ ಅತ್ತಲೂ ವಾಲಿರಲಿಲ್ಲ, ಇತ್ತಲೂ ವಾಲಿರಲಿಲ್ಲ.

"ನೀವೇ ಹೇಳಿ, ಹೇಗಿದೆ?" ಎಂದರು ಡಾಕ್ಟರು.

"ಪರವಾಗಿಲ್ಲ," ಎಂದೆ.

"ಅಂದ್ರೆ? ಮೊದಲಿಗಿಂತ ಕಡಿಮೆನಾ?"

ಮೊದಲು ಎಷ್ಟಿತ್ತು? ನೋವು ಹೋದ ಮೇಲೆ ಅದರ ಅಳತೆಯೂ ಹೋಗಿಬಿಡುತ್ತದೆ. ಹಿಂದೊಮ್ಮೆ ಮಾತ್ರೆಯಿಂದ ಗುಣವಾಯಿತೆಂದು ಕುಣಿದಾಡಿ, ವಾರದೊಳಗೆ ಮತ್ತೆ ಹಾಸಿಗೆ ಹಿಡಿದಿದ್ದೆ. ಈ ಸಲವೂ ಹಾಗೇ ಆದರೆ ಎಂಬ ಅಳುಕು. ಅಷ್ಟರಲ್ಲಿ ಪಕ್ಕದಲ್ಲಿ ಕೂತಿದ್ದ ಅವ್ವ ಬಾಯಿ ಹಾಕಿದಳು.

"ಎಲ್ ಗುಣ ಬುಡಿ ಸಾ. ಅಂಗೇ ಅವ್ಳೆ. ಏನೋ ದೇವ್ರು ನಡುಸ್ತಾವ್ನೆ."

ಡಾಕ್ಟರು ಪೆನ್ನು ತೆಗೆದರು. "ಹಾಗಾದ್ರೆ ಇದು ಹಿಡಿದಿಲ್ಲ. ನಿಲ್ಲಿಸಿ ಸರ್ಜನ್ ಹತ್ರ ಕಳಿಸ್ತೀನಿ."

ಅವ್ವನ ಮುಖ ನೋಡಬೇಕಿತ್ತು! ದಡಬಡ ಎದ್ದು ಹೋಗಿ ಬಾಗಿಲು ಹಾಕಿದಳು. ಹೊರಗೆ ಬೆಂಚಿನಲ್ಲಿ ಕೂತವರಿಗೆ ಕೇಳದಂತೆ ಮೇಜಿನ ಮೇಲೆ ಬಗ್ಗಿ, ಪಿಸುದನಿಯಲ್ಲಿ ಶುರುಮಾಡಿದಳು.

"ನಿಲ್ಲುಸ್ಬ್ಯಾಡಿ ಸಾ. ಗುಂಡ್ಲುಪೇಟೆಯಿಂದ ಕಾಲೇಜ್ಗೆ ಓಯ್ತಾ, ತೆರಕಣಾಂಬಿಲಿ ದಿನಾ ಬಸ್ ನಿಲ್ಲುಸಿ ಕಕ್ಕಸ್ಗೆ ಓಡ್ತಿದ್ಲು. ಈಗ ಕಿಟಕಿ ಪಕ್ಕ ಕೂತ್ಕಂಡು ಗೊರಕೆ ಒಡೀತಾಳಂತೆ, ಕಂಡಕ್ಟ್ರೇ ಯೋಳ್ದ. ಉಪ್ಸಾರು ಖಾರ ಮಾಡುದ್ರೆ ಎರಡ್ನೇ ಮುದ್ದೆ ಮುರೀತಾಳೆ. ನನ್ ಪಾಲ್ನೂ ಬುಡಲ್ಲ!"

"ಇದನ್ನ ಆಗಲೇ ಹೇಳೋದಲ್ವೇನಮ್ಮಾ?"

"ಅಂಗೆಲ್ಲ ಬಾಯ್ಬುಟ್ಟು ಯೋಳದಾ ಸಾ?"

ಡಾಕ್ಟರು ನಗುತ್ತ ನನ್ನತ್ತ ತಿರುಗಿದರು. "ನಿಜನಾ?"

ಬಸ್ಸಿನಲ್ಲಿ ನಿದ್ದೆ ಬರತೊಡಗಿದ್ದು ಯಾವಾಗ ಎಂದು ನಾನು ಗಮನಿಸಿಯೇ ಇರಲಿಲ್ಲ. ಆದರೆ ಬರುತ್ತಿತ್ತು, ಅದಂತೂ ಸುಳ್ಳಲ್ಲ. ಗೊರಕೆಯ ವಿಷಯಕ್ಕೆ ಮಾತ್ರ ಕಂಡಕ್ಟರನೊಬ್ಬನೇ ಸಾಕ್ಷಿ.

"ಹೌದು ಸರ್. ಚೆನ್ನಾಗಿದ್ದೇನೆ," ಎಂದೆ. ಅವ್ವ ತೊಡೆ ಚಿವುಟಿದಳು. ಡಾಕ್ಟರು ಮುಂದಿನ ಡ್ರಿಪ್ಪಿಗೆ ಬರೆದುಕೊಟ್ಟರು.

ಮಧ್ಯಾಹ್ನ ನರ್ಸು ಬಾಟಲಿ ನೇತುಹಾಕಿ ಹೋದಳು. ಅವ್ವ ಅತ್ತಿತ್ತ ನೋಡಿ, ಬಾಟಲಿಗೆ ಎರಡೂ ಕೈಯಿಂದ ನಿವಾಳಿಸಿ, ಪಟಪಟನೆ ನೆಟಿಗೆ ಮುರಿದಳು.

"ಔಷಧಿಗೂ ದೃಷ್ಟಿ ಆಯ್ತದಾ ಅವ್ವಾ?"

"ಸುಮ್ಕಿರಮ್ಮಿ. ಡಾಕ್ಟ್ರು ಮುಂದೆ ಅಷ್ಟೊಂದ್ ಬಾಯ್ಬುಟ್ಟವ್ಳು ನೀನು. ನಿನ್ನ ಕಾಯ್ಬೇಕಾದ್ದು ಪಾಪ, ಈ ಬಾಟ್ಲು ತಾನೆ."