ಎಣ್ಣೆ ಮುಟ್ಟದ ಕೈ

ಇನ್ನೂ ಬೆಳಕು ಹರಿದಿಲ್ಲ. ನಡುಗಡಲಲ್ಲಿ ನಿಂತು ತೈಲಬಾವಿ ಕೊರೆಯುತ್ತಿರುವ ಹಡಗಿನ ಜಾಲರಿ ಕೋಣೆಯಲ್ಲಿ ಕಿವಿ ಗಡಚಿಕ್ಕುವ ಸದ್ದು. ಕಡಲತಳದ ಕೆಳಗಿನಿಂದ ಕೆಸರಿನ ಜೊತೆ ಬಂದ ಕಲ್ಲಿನ ಚೂರುಗಳು ಅದುರುವ ಜಾಲರಿಯ ಮೇಲೆ ಕುಣಿಯುತ್ತಿವೆ. ಕಲ್ಲಣ್ಣ ಒಂದು ಹಿಡಿ ಬಾಚಿ ಜರಡಿಗೆ ಹಾಕಿ, ನೀರು ಬಿಟ್ಟು, ಬೆರಳಲ್ಲಿ ಮೆಲ್ಲಗೆ ತಿಕ್ಕುತ್ತಾರೆ. ತಿಕ್ಕುವಾಗ ಹಲ್ಲು ಕಚ್ಚುತ್ತಾರೆ. ಬೆರಳ ಸಂದಿಗಳೆಲ್ಲ ಬಿರುಕು ಬಿಟ್ಟಿವೆ.

ಅಪ್ಪ ಅಮ್ಮ ಇಟ್ಟ ಹೆಸರು ಬೇರೆ, ಹಡಗಿನಲ್ಲಿ ಅದು ಯಾರಿಗೂ ಬೇಕಿಲ್ಲ. ಕಲ್ಲು ತೊಳೆಯುತ್ತಾರೆ, ಆದ್ದರಿಂದ ಕಲ್ಲಣ್ಣ. ತೈಲ ಸಿಕ್ಕಿತೆಂದು ಪತ್ರಿಕೆಯಲ್ಲಿ ಬರುವ ಫೋಟೊದಲ್ಲಿ ಇವರು ಇರುವುದಿಲ್ಲ. ಆದರೆ ಪಾಚಿಯಂಥ ಜೀವಿಗಳನ್ನು ಕೋಟ್ಯಂತರ ವರ್ಷ ಹೊಟ್ಟೆಯಲ್ಲಿಟ್ಟುಕೊಂಡು ತೈಲ ಹೆರುವ ಕಪ್ಪು ಕಲ್ಲು ಕೆಳಗಿದೆಯೇ ಎಂದು ತಿಳಿಯಲು ಇವರು ತೊಳೆದು ಒಣಗಿಸಿ ಚೀಲಕ್ಕೆ ತುಂಬಿದ ಚೂರುಗಳೇ ಗತಿ. ಕಡಿಮೆ ತೊಳೆದರೆ ಕೆಸರು ಉಳಿಯುತ್ತದೆ, ಹೆಚ್ಚು ತೊಳೆದರೆ ಆ ಮೆತ್ತನೆಯ ಕಲ್ಲೇ ನೀರುಪಾಲು. "ಗ್ಲೌಸ್ ಹಾಕ್ಕೊಂಡ್ರೆ ಯಾವುದು ಕೆಸರು, ಯಾವುದು ಕಲ್ಲು ಅಂತ ಗೊತ್ತಾಗಲ್ಲ," ಎನ್ನುತ್ತಾರೆ.

ಕೈಗೆ ಮುಲಾಮಾದರೂ ಹಚ್ಚಬಹುದಲ್ಲ? ಅದೇ ಆಗದು. ತೈಲ ಹುಡುಕುವ ಹಡಗಿನಲ್ಲಿ ಕಲ್ಲು ಮುಟ್ಟುವ ಕೈಗೆ ಎಣ್ಣೆಯ ಪಸೆ ತಾಗಕೂಡದು. ಹಿಂದಿನ ಬಾವಿಯಲ್ಲಿ, ಉರಿ ತಾಳಲಾರದೆ, ಹೆಂಡತಿ ಇವರ ಬಟ್ಟೆಯ ನಡುವೆ ಇಟ್ಟು ಕಳಿಸಿದ್ದ ಮುಲಾಮನ್ನು ಒಂದು ದಿನ ಸವರಿಕೊಂಡರು. ಆ ದಿನದ ಚೀಲಗಳಲ್ಲಿ ತೈಲದ ಗುರುತು ಕಂಡಿತು. ಹಡಗಿಗೆ ಹಡಗೇ ಹಿಗ್ಗಿತು, ಅಡುಗೆಯವನು ಕೇಕ್ ಮಾಡಿದ. ಕಲ್ಲಣ್ಣ ಮಾತ್ರ ಅದನ್ನು ಮುಟ್ಟಲಿಲ್ಲ. ಭೂವಿಜ್ಞಾನಿ ಮೇಡಂ ಮುಂದೆ ಹೋಗಿ ಎರಡೂ ಕೈ ಚಾಚಿದರು. "ಮೇಡಂ, ಆ ಎಣ್ಣೆ ಕಲ್ಲಿಂದಲ್ಲ, ನನ್ನದು."

ಕೆಲಸ ಹೋಯಿತೆಂದೇ ಗಂಟುಮೂಟೆ ಕಟ್ಟಿದ್ದರು. ಮೇಡಂ ಬೈದರು, ಚೆನ್ನಾಗಿಯೇ ಬೈದರು. ಆದರೂ ಈ ಬಾವಿಗೆ ಇವರೇ ಬೇಕೆಂದು ಹಟ ಹಿಡಿದು ಕರೆಸಿಕೊಂಡರು. "ಇನ್ನೊಂದು ಸಲ ಹಾಗಾದ್ರೆ ನಿಮ್ಮ ಜೊತೆ ನಾನೂ ಮನೆಗೆ," ಎಂದು ಮೊದಲ ದಿನವೇ ಹೇಳಿದ್ದಾರೆ.

ಫೋನಿನಲ್ಲಿ ಹೆಂಡತಿ ದಬಾಯಿಸುತ್ತಾರೆ. "ಕೈಯೇ ಹೋದ್ಮೇಲೆ ಏನಲ್ಲಿ ತೊಳೀತೀರಾ? ಸಾಕು, ಬಿಟ್ಟು ಬನ್ನಿ."

"ಕಪ್ಪು ಕಲ್ಲು ಬರ್ಲಿ ಕಣೇ. ಬಂದ್ಬಿಡ್ತೀನಿ."

ಬೆಳಕು ಮೂಡುವ ಹೊತ್ತಿಗೆ ಜರಡಿಯಲ್ಲಿ ಕಪ್ಪು ಕಾಣುತ್ತದೆ. ಕಲ್ಲಣ್ಣ ನೀರು ಸಣ್ಣಗೆ ಮಾಡಿ, ಹಸುಗೂಸಿನ ತಲೆ ತೊಳೆದಂತೆ ತೊಳೆಯುತ್ತಾರೆ. ಚೀಲ ಮೇಡಂ ಕೈ ಸೇರುತ್ತದೆ. ಸಂಜೆಗೆ ಉತ್ತರ ಬರುತ್ತದೆ: ಕಲ್ಲೇನೋ ಒಳ್ಳೆಯದೇ, ಆದರೆ ಭೂಮಿಯ ಕಾವು ಸಾಲದೆ ಇನ್ನೂ ಮಾಗಿಲ್ಲ. ತೈಲ ಹುಟ್ಟಿಯೇ ಇಲ್ಲ, ಬಾವಿ ಮುಚ್ಚಬೇಕು. ಊಟದ ಕೋಣೆಯಲ್ಲಿ ಎಲ್ಲರ ಮುಖವೂ ಜೋಲು ಬಿದ್ದಿದೆ.

"ನನ್ನ ಚೀಲದಲ್ಲಿ ಬೆರಕೆ ಏನಾದ್ರೂ ಇತ್ತಾ ಮೇಡಂ?"

"ಇಲ್ಲ ಕಲ್ಲಣ್ಣ. ನಿಮ್ಮ ಚೀಲ ನಂಬ್ಕೊಂಡೇ ಬಾವಿ ಮುಚ್ತಿರೋದು."

ಪಾಪ, ಇಷ್ಟು ನೋವು ತಿಂದದ್ದು ಒಂದು 'ಇಲ್ಲ'ಕ್ಕಾಗಿಯೇ ಎಂದು ಕೇಳುವವರಿಗೆ ಅನಿಸುತ್ತದೆ. ಕಲ್ಲಣ್ಣ ಮಾತ್ರ ತಟ್ಟೆಗೆ ಇನ್ನೊಂದಿಷ್ಟು ಅನ್ನ ಹಾಕಿಸಿಕೊಳ್ಳುತ್ತಾರೆ.

"ಹಿಂದಿನ ಬಾವೀಲಿ ಎಣ್ಣೆ ಇದೆ ಅಂತ ಎಲ್ರೂ ಬಂದು ಕೈ ಕುಲುಕಿದ್ರು. ಅವತ್ತು ಇದೆ ಅಂದಿದ್ದು ನನ್ನ ಕೈ. ಇವತ್ತು ಇಲ್ಲ ಅಂದಿದ್ದು ಕಲ್ಲು."