ಮೆಕ್ಯಾನಿಕ್ ಬೇಕಾಗಿದ್ದಾರೆ

ನಮ್ಮ ಅಂಗಡಿಯ ಬಾಗಿಲ ಮೇಲೆ ಒಂದು ತಗಡಿನ ಬೋರ್ಡು ನೇತಾಡುತ್ತಿತ್ತು. 'ಸೋಲಾರ್ ಮೆಕ್ಯಾನಿಕ್ ಬೇಕಾಗಿದ್ದಾರೆ.' ಹಳದಿ ಬಣ್ಣದ ಮೇಲೆ ಕೆಂಪು ಅಕ್ಷರ. ನಾನು ಕೆಲಸಕ್ಕೆ ಸೇರಿದಾಗ ಅದು ಹೊಚ್ಚ ಹೊಸದು. ಆಮೇಲೆ ಅದಿರಿನ ಲಾರಿಗಳ ಧೂಳು ಕೂತು ಕೂತು ಹಳದಿಯೂ ಕೆಂಪಾಯಿತು, ಅಕ್ಷರ ಎಲ್ಲಿದೆಯೆಂದು ಹುಡುಕುವ ಹಾಗಾಯಿತು. ಒರೆಸಿದರೆ ಸಂಜೆಗೆ ಮತ್ತೆ ಅದೇ ಗತಿ. ಬೋರ್ಡು ಮಾತ್ರ ಇಳಿಯಲಿಲ್ಲ, ಮೆಕ್ಯಾನಿಕ್ಕೂ ಬರಲಿಲ್ಲ.

ನಾನು ಶೈಲಜಾ. ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಳ್ಳಾರಿಗೆ ಬಂದು, ಕೊಟ್ರಬಸಪ್ಪನವರ ಸೋಲಾರ್ ಅಂಗಡಿಯಲ್ಲಿ ಫೋನ್ ಎತ್ತುವುದು ನನ್ನ ಕೆಲಸ. ಫೋನ್ ಎತ್ತುವುದು ಅನ್ನುವುದಕ್ಕಿಂತ ಬೈಸಿಕೊಳ್ಳುವುದು ಅಂದರೆ ಸರಿ. ಗಣಿ ದುಡ್ಡು ಊರಿಗೆ ನುಗ್ಗಿದ ಕಾಲ ಅದು. ನಿನ್ನೆ ಸೈಕಲ್ ತುಳಿಯುತ್ತಿದ್ದವನು ಇವತ್ತು ಮೂರಂತಸ್ತಿನ ಮನೆ ಎಬ್ಬಿಸುತ್ತಿದ್ದ. ದೊಡ್ಡ ಮನೆಗೆ ಕರೆಂಟ್ ಬೇಕೆಂದರೆ ಮಾಳಿಗೆಯ ಮೇಲೆ ಸೋಲಾರ್ ಹೀಟರ್ ಇರಲೇಬೇಕೆಂಬ ನಿಯಮ ಬೇರೆ ಬಂದಿತ್ತು. ಹಾಗಾಗಿ ನಮ್ಮ ವ್ಯಾಪಾರ ಜೋರು. ಬಳ್ಳಾರಿ ಬಿಸಿಲಿಗೆ ನೀರು ಕಾಯಿಸುವ ಯಂತ್ರ ಬೇರೆ ಬೇಕೇ ಎಂದು ಪರ ಊರಿನವರು ನಗುತ್ತಾರೆ. ನಗಲಿ. ಇರುವುದೊಂದು ಬಿಸಿಲು, ಅದನ್ನಾದರೂ ಬಳಸುತ್ತೇವೆ.

ತೊಂದರೆ ಇದ್ದದ್ದು ಮಾರಿದ ಮೇಲೆ. ನಮ್ಮ ಕಡೆಯ ಬೋರಿನ ನೀರು ಗಡಸು. ಪ್ಯಾನೆಲ್ಲಿನೊಳಗೆ ಬೆರಳಿನಷ್ಟು ದಪ್ಪದ ತಾಮ್ರದ ಕೊಳವೆಗಳಿರುತ್ತವೆ. ಅವುಗಳಲ್ಲಿ ಉಪ್ಪು ಕಟ್ಟುತ್ತದೆ, ಸಂದಿ ಬಿಡುತ್ತದೆ, ತೊಟ್ಟಿಕ್ಕುತ್ತದೆ. ರಿಪೇರಿಗೆ ಹೋಗಬೇಕಾದ ಹುಡುಗರೆಲ್ಲ ಲಾರಿ ಹತ್ತಿ ಸಂಡೂರಿನ ಗಣಿಗಳ ಕಡೆ ಹೋಗಿದ್ದರು. ಅಲ್ಲಿ ಕ್ಲೀನರ್ ಆದರೂ ನಮ್ಮಲ್ಲಿಗಿಂತ ಹೆಚ್ಚು ಗಿಟ್ಟುತ್ತಿತ್ತು. ಸೋಲಾರ್ ಕೂರಿಸಿದ ಮನೆಗಳು ಹೆಚ್ಚಿದಷ್ಟೂ ಫೋನಿನ ಬೈಗುಳ ಹೆಚ್ಚಿತು. ಕೇಳಲು ನಾನಿದ್ದೆನಲ್ಲ.

ಮೆಕ್ಯಾನಿಕ್ ನಮ್ಮ ಕಣ್ಣೆದುರೇ ಇದ್ದಳು ಎಂಬುದೇ ನನ್ನ ಸಂಕಟ. ಅವಳ ಹೆಸರು ಫರ್ಹತ್.

ಅವಳ ಅಪ್ಪ, ಬಳ್ಳಾರಿ ಕೌಲ್ ಬಜಾರಿನ ಸುಭಾನಸಾಬರು ಕಲಾಯಿ ಹಾಕುತ್ತಿದ್ದವರು. ಹಿಂದೆ ಊರೂರು ತಿರುಗಿ ತಾಮ್ರದ ಹಂಡೆ, ಕೊಡ, ತಪ್ಪಲೆಗಳಿಗೆ ಕಲಾಯಿ ಹಾಕಿ, ತೂತಿಗೆ ಬೆಸುಗೆ ಹಚ್ಚಿ ಸಂಸಾರ ತೂಗಿಸಿದವರು. ಸ್ಟೀಲು, ಪ್ಲಾಸ್ಟಿಕ್ಕು ಬಂದ ಮೇಲೆ ಆ ಕಸುಬು ಮಲಗಿತು. ಹಂಡೆಯಲ್ಲಿದ್ದ ತಾಮ್ರ ಮಾಳಿಗೆ ಹತ್ತಿ ಸೋಲಾರ್ ಪ್ಯಾನೆಲ್ ಆದಾಗ ಸಾಬರ ಕೈಗೆ ಮತ್ತೆ ಕೆಲಸ ಬಂತು. ಅಷ್ಟರಲ್ಲಿ ಆ ಕೈ ನಡುಗಲು ಶುರುವಾಗಿತ್ತು. ಮಗ ಅಜರುದ್ದೀನ್ ಅದಿರಿನ ಲಾರಿಯಲ್ಲಿ ಕ್ಲೀನರ್. ಉಳಿದವಳು ಮಗಳು. ಚಿಕ್ಕಂದಿನಿಂದ ತಿದಿ ಒತ್ತುತ್ತಾ ಕಲಿತ ಫರ್ಹತ್ ಈಗ ಗ್ಯಾಸಿನ ಬೆಂಕಿಯಲ್ಲಿ ತಾಮ್ರ ಬೆಸೆಯುತ್ತಿದ್ದಳು. ಅವಳು ಬೆಸೆದ ಸಂದಿ ಮತ್ತೆ ಬಿಟ್ಟದ್ದನ್ನು ನಾನು ಕಾಣೆ.

ಆದರೆ ಕೊಟ್ರಬಸಪ್ಪನವರ ಪ್ರಕಾರ ಅವಳು ಮನೆಯಲ್ಲೇ ಕೂತು ಬೆಸೆಯಬೇಕು. ಅಂದರೆ ಸಿರುಗುಪ್ಪದ ಯಾವುದೋ ಮಾಳಿಗೆಯಿಂದ ಪ್ಯಾನೆಲ್ ಇಳಿಸಬೇಕು, ಟೆಂಪೋದಲ್ಲಿ ಕೌಲ್ ಬಜಾರಿಗೆ ತರಬೇಕು, ಅವಳು ಬೆಸೆದ ಮೇಲೆ ಮತ್ತೆ ಹೊತ್ತು ಹತ್ತಿಸಬೇಕು. ಹೊರುವ ಹಮಾಲರಿಗೆ ವಾಲ್ವ್ ಯಾವುದು, ಎಲ್ಲಿ ಮುಚ್ಚಬೇಕು ಎಂಬುದು ಗೊತ್ತಿಲ್ಲ. ಪೈಪು ಬಿಚ್ಚಿದರೆ ಟ್ಯಾಂಕಿನ ನೀರೆಲ್ಲ ಗಟಾರಕ್ಕೆ. ನಲ್ಲಿ ನೀರು ವಾರಕ್ಕೊಮ್ಮೆ ಬಂದರೆ ಪುಣ್ಯ ಅನ್ನುವ ಊರಿನಲ್ಲಿ, ನೀರೂ ಕರೆಂಟೂ ಉಳಿಸುತ್ತೇವೆಂದು ಗೋಡೆಗೆ ಬರೆಸಿಕೊಂಡ ನಾವು ನೀರನ್ನು ಹೀಗೆ ಚೆಲ್ಲುತ್ತಿದ್ದೆವು.

"ಸಾವ್ಕಾರ್ರ, ಫರ್ಹತ್‌ಳನ್ನೇ ಕಳಸ್ರಿ. ಅಲ್ಲೇ ಮಾಳಿಗಿ ಮ್ಯಾಲೇ ಮಾಡಿ ಬರ್ತಾಳ," ಎಂದೆ.

"ಹೆಣ್ಮಗಳು ಮಂದಿ ಮಾಳಿಗಿ ಹತ್ತೋದು ಅಂದ್ರ ಹೆಂಗಮ್ಮಾ? ನೋಡಿದವ್ರು ಏನಂದಾರು?"

ಮಂದಿ ಏನನ್ನುತ್ತಿದ್ದರೆಂದು ಅವರಿಗಿಂತ ನನಗೇ ಚೆನ್ನಾಗಿ ಗೊತ್ತಿತ್ತು. ಫೋನ್ ಎತ್ತುವವಳು ನಾನು. ಈ ಹೊಸ ಮನೆಗಳಲ್ಲಿ ಮಾಳಿಗೆಯ ಮೆಟ್ಟಿಲು ಮನೆಯೊಳಗೆ, ಅಡಿಗೆ ಕೋಣೆ ದಾಟಿದ ಮೇಲೆ. ಗಂಡಸರು ಬೆಳಿಗ್ಗೆ ಮಿಲ್ಲಿಗೋ ಗಣಿಗೋ ಹೋದರೆ ಬರುವುದು ಕತ್ತಲಾದ ಮೇಲೆ. ಹೆಂಗಸರೇ ಇರುವ ಮನೆಯೊಳಗೆ ಅಪರಿಚಿತ ಗಂಡಸನ್ನು ಬಿಟ್ಟುಕೊಳ್ಳುವುದಿಲ್ಲ. ಕತ್ತಲಾದ ಮೇಲೆ ಸೋಲಾರ್ ರಿಪೇರಿ ಆಗುವುದಿಲ್ಲ. ಹಮಾಲರು ಬಾಗಿಲಿನಿಂದಲೇ ವಾಪಸ್ಸು. "ನಿಮ್ಮಲ್ಲಿ ಹೆಣ್ಮಕ್ಕಳು ಯಾರರ ಅದಾರೇನ್ರಿ? ಇದ್ರ ಕಳಸ್ರಿ," ಎಂದು ಎಷ್ಟೋ ಹೆಂಗಸರು ಕೇಳಿದರು. ಅದನ್ನು ಸಾವ್ಕಾರರಿಗೆ ಹೇಳಿದರೆ ಕೋಣನ ಮುಂದೆ ಕಿನ್ನರಿ. ಬೆಣ್ಣೆ ಅಂಗೈಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆಯುವುದು ಅಂದರೆ ಇದೇ.

ಒಂದು ಬೇಸಿಗೆ ಸಿರುಗುಪ್ಪದಿಂದ ವೀರಭದ್ರಮ್ಮನವರ ಫೋನ್ ಬಂತು. ಅಕ್ಕಿ ಮಿಲ್ಲಿನ ಮನೆ. ಮಗಳು ಬಾಣಂತಿ.

"ಬಾಣಂತಿಗೆ ಎರೆಯಾಕ ನೀರಿಲ್ಲ. ಸೋಲಾರು ಸೋರತೈತಿ, ಗೀಜರ್ ಹಾಕಿದ್ರ ಕರೆಂಟ್ ಇರಂಗಿಲ್ಲ. ಮಾರ್ಬಲ್ ಹಾಸಿದ ಮನ್ಯಾಗ ಒಲಿ ಎಲ್ಲಿ ಹೂಡ್ಲಿ? ನಿಮ್ಮ ಸೋಲಾರು ನಿಮ್ಮ ತಲಿ ಮ್ಯಾಲ ಇಟಗೊಳ್ರಿ."

ಹಮಾಲರನ್ನು ಕಳಿಸುತ್ತೇನೆಂದರೆ ಇನ್ನೂ ರೇಗಿದರು. ಮಾಳಿಗೆಯ ಮೆಟ್ಟಿಲು ಬಾಣಂತಿಯ ಕೋಣೆಯ ಮುಂದೆಯೇ. ಅಲ್ಲಿ ಪರ ಗಂಡಸು ಕಾಲಿಡುವ ಹಾಗಿಲ್ಲ. ಸಾವ್ಕಾರರು ಮದುವೆಗೆಂದು ಹೊಸಪೇಟೆಗೆ ಹೋಗಿದ್ದರು. ನಾನು ಅಂಗಡಿಗೆ ಬೀಗ ಹಾಕಿ ನೇರ ಕೌಲ್ ಬಜಾರಿಗೆ ಹೋದೆ.

ಸುಭಾನಸಾಬರು ಒಂದು ಮಾತೂ ಅಡ್ಡ ಹೇಳಲಿಲ್ಲ. "ಹಂಡೆ ಇದ್ದಲ್ಲಿಗೆ ಕಲಾಯಿದವ ಹೋಗಬೇಕವ್ವಾ. ನಾ ಹಂಗೇ ತಿರುಗೀನಿ. ಹಂಡೆ ನಡಕೊಂತ ನಮ್ಮನಿಗೆ ಬರ್ತೈತೇನು?" ಎಂದರು.

ಫರ್ಹತ್ ಸಣ್ಣ ಗ್ಯಾಸ್ ಸಿಲಿಂಡರನ್ನು ಚೀಲಕ್ಕೆ ತುರುಕಿ ಮೇಲೆ ಟವೆಲ್ ಹೊದಿಸಿದಳು. ಬಸ್ಸಿನಲ್ಲಿ ಕಂಡಕ್ಟರ್ ಏನದು ಎಂದು ಕೇಳಿದ. "ಬಾಣಂತಿಗೆ ಬುತ್ತಿ," ಎಂದೆ. ಫರ್ಹತ್ ಕಿಟಕಿಯ ಕಡೆ ತಿರುಗಿ ನಕ್ಕಳು.

ವೀರಭದ್ರಮ್ಮನವರು ಬಾಗಿಲಲ್ಲೇ ನಿಂತಿದ್ದರು. "ಹೆಸರೇನವ್ವಾ?" ಎಂದು ಕೇಳಿದರು. ಅವಳು ಹೇಳಿದಳು. ಅಮ್ಮನವರು ದೇವರ ಕೋಣೆಯ ಕಡೆ ಒಮ್ಮೆ ನೋಡಿದರು, ಅಳುತ್ತಿದ್ದ ಕೂಸಿನ ಕಡೆ ಒಮ್ಮೆ ನೋಡಿದರು. "ಕಾಲು ತೊಳಕೊಂಡು ಬಾ," ಎಂದರು. ಅಲ್ಲಿಗೆ ಆ ವಿಚಾರ ಮುಗಿಯಿತು.

ಮಾಳಿಗೆಗೆ ಹೋಗಿ ನೋಡಿದರೆ ಪ್ಯಾನೆಲ್ ಕಾಣುವುದೇ ಇಲ್ಲ. ಗಾಜಿನ ತುಂಬ ಅಕ್ಕಿ ಸಂಡಿಗೆ! ಒಂದು ಬೆರಳು ಜಾಗ ಬಿಡದೆ ಸೀರೆ ಹಾಸಿ ಇಟ್ಟಿದ್ದರು.

"ಗಾಜು ಚೊಲೋ ಕಾಯ್ತೈತಿ, ಸಂಡಿಗಿ ಒಂದೇ ದಿನಕ್ಕ ಒಣಗ್ತಾವ," ಎಂದರು ವೀರಭದ್ರಮ್ಮ, ಹೆಮ್ಮೆಯಿಂದ.

"ಅಮ್ಮಾರ, ಬಿಸಿಲೆಲ್ಲ ಸಂಡಿಗಿನೇ ಕುಡುದ್ರ ನೀರಿಗೆ ಏನು ಉಳೀತೈತ್ರಿ?" ಎಂದಳು ಫರ್ಹತ್.

ಇನ್ನು ಬೈಗುಳ ಶುರು ಎಂದುಕೊಂಡೆ. ಆದರೆ ಅಮ್ಮನವರು ಸೆರಗು ಬಾಯಿಗಿಟ್ಟು ನಕ್ಕು, ತಾವೇ ಸಂಡಿಗೆ ಎತ್ತಲು ಕೂತರು. ಫರ್ಹತ್ ಟ್ಯಾಂಕಿನ ವಾಲ್ವ್ ಮುಚ್ಚಿದಳು. ಪ್ಯಾನೆಲ್ಲಿನಲ್ಲಿದ್ದಷ್ಟು ನೀರನ್ನು ಬಕೆಟ್ಟಿಗೆ ಇಳಿಸಿಕೊಂಡು ಹಿತ್ತಲಿನ ಕರಿಬೇವಿಗೆ ಹಾಕಲು ಕೊಟ್ಟಳು. ಗಾಜು ತೆಗೆದು, ಬಿಟ್ಟ ಸಂದಿಯನ್ನು ಉಜ್ಜಿ, ಬೆಂಕಿ ಹಚ್ಚಿ ಬೆಸೆದಳು. ಬಿಸಿಲಿಗೆ ಮಾಳಿಗೆ ಕಾದ ಹೆಂಚಾಗಿತ್ತು. ನಾನು ಅವಳಿಗೆ ಕೊಡೆ ಹಿಡಿದು ನಿಂತೆ. ಅದರಿಂದ ಏನೂ ಪ್ರಯೋಜನವಾಗಲಿಲ್ಲ, ಆದರೆ ಸುಮ್ಮನೆ ನಿಲ್ಲಲು ಮನಸ್ಸಾಗಲಿಲ್ಲ. ಮಾರನೆಯ ದಿನ ವೀರಭದ್ರಮ್ಮನವರು ಫೋನ್ ಮಾಡಿ, ಬಾಣಂತಿಗೆ ಹಬೆಯಾಡುವ ನೀರು ಎರೆದೆವು ಎಂದು ಸಾವ್ಕಾರರಿಗೇ ಹೇಳಿದರು. ಆಮೇಲೆ ಅವರ ಬೀಗರು, ಅವರ ಓಣಿಯವರು, ಕರೂರಿನ ಅವರ ತಂಗಿ, ಎಲ್ಲರೂ ಕೇಳಿದ್ದು ಒಂದೇ: "ಆ ಹುಡಿಗಿನ್ನ ಕಳಸ್ರಿ."

ಈಗಲಾದರೂ ಸಾವ್ಕಾರರ ಕಣ್ಣು ತೆರೆಯಿತು ಎಂದುಕೊಂಡೆ. ತೆರೆಯಿತು, ಅರ್ಧ. ಅವಳ ಅಣ್ಣ ಅಜರುದ್ದೀನನನ್ನು ಲಾರಿಯಿಂದ ಇಳಿಸಿ ಕರೆಸಿದರು. ಅವನಿಗೊಂದು ನೀಲಿ ಅಂಗಿ, ಜೇಬಿನ ಮೇಲೆ 'ಮೆಕ್ಯಾನಿಕ್' ಎಂಬ ಕಸೂತಿ, ಓಡಾಡಲು ಅಂಗಡಿಯ ಮೋಟರ್ ಸೈಕಲ್ಲು. ಫರ್ಹತ್ ಅವನ ಹಿಂದೆ ಕೂತು ಹೋಗುವುದು. ಅವಳು ಮೇಲೆ ಬೆಂಕಿಯ ಮುಂದೆ, ಅವನು ಕೆಳಗೆ ಕಟ್ಟೆಯ ಮೇಲೆ.

"ಹೆಸರು ಅವಂದಿರ್ಲಿ, ಕೆಲ್ಸ ಆಕಿ ಮಾಡ್ಲಿ. ಎಲ್ಲಾರಿಗೂ ಚೊಲೋ," ಎಂದರು ಸಾವ್ಕಾರರು. ಎಲ್ಲರಿಗೂ ಎಂದರೆ ಯಾರಿಗೆ ಎಂದು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಫರ್ಹತ್ ಕೆಲವು ತಿಂಗಳು ತಡೆದಳು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ನನ್ನೊಡನೆ ಊಟಕ್ಕೆ ಕೂತವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. "ಅಕ್ಕಾ, ಅಂವ ಕೆಳಗ ಚಾ ಕುಡೀತಾನ. ಮಂದಿ ಅವಂಗ ಮೇಸ್ತ್ರಿ ಅಂತಾರ. ಕೈ ಸುಟಗೊಳ್ಳೋದು ನಾನು. ನಾ ಮೆಕ್ಯಾನಿಕ್ ಅಂತ ಒಬ್ಬರರ ಅನಬಾರದೇನು? ನನಗ ಅದೊಂದು ಬೇಕು," ಎಂದಳು.

ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಕುರುಗೋಡಿನ ಅಕ್ಕನಾಗಮ್ಮನವರ ಮನೆಗೆ ಅಣ್ಣ ತಂಗಿ ಇಬ್ಬರೂ ಹೋಗಿದ್ದರು. ಹೊತ್ತು ಏರುವಷ್ಟರಲ್ಲಿ ಅಂಗಡಿಗೆ ಫೋನ್ ಬಂತು.

"ಏನ್ ನಾಟಕಾರೀ ಇದು? ಹುಡುಗಿ ಗಾಜು ಬಿಚ್ಚಿಟ್ಟು ಕೆಳಗ ಇಳದು ಕುಂತಾಳ. ಮೇಸ್ತ್ರಿ ಹೊರಗ ಅದಾನ, ಅವನ್ನ ಕರೀರಿ ಅಂತಾಳ. ಅವನ್ನ ಕೇಳಿದ್ರ, ನನಗ ಬರಂಗಿಲ್ಲ ಅಂತಾನ. ಬಂದ್ರೂ ಗಂಡಸರಿಲ್ಲದ ಮನ್ಯಾಗ ಅವನ್ನ ನಾ ಹೆಂಗ ಒಳಗ ಬಿಡ್ಲಿ? ಹಂಗಾರ ಮೆಕ್ಯಾನಿಕ್ ಯಾರು?"

ನಾನು ಸ್ಪೀಕರ್ ಒತ್ತಿ ಫೋನನ್ನು ಸಾವ್ಕಾರರ ಮುಂದೆ ಇಟ್ಟೆ. ಅವರು ಆ ಕಡೆ ಈ ಕಡೆ ನೋಡಿದರು. "ಆಕಿನೇ ಅಂತ ತಿಳಕೊಳ್ರಿ," ಎಂದರು. ಆಗ ಆ ತುದಿಯಿಂದ ಫರ್ಹತ್‌ಳ ದನಿ ಕೇಳಿತು.

"ಅವರಿಗಲ್ರಿ ಸಾವ್ಕಾರ್ರ. ನನಗ ಹೇಳ್ರಿ."

ಕೊಟ್ರಬಸಪ್ಪನವರು ಗೋಡೆಯ ಕಡೆ ತಿರುಗಿಕೊಂಡರು. "ಆತಮ್ಮಾ. ನೀನೇ ಮೆಕ್ಯಾನಿಕ್. ಮ್ಯಾಲ ಹತ್ತು," ಎಂದರು.

ಅಜರುದ್ದೀನ್ ಆ ವಾರವೇ ನೀಲಿ ಅಂಗಿ ಮಡಿಚಿಟ್ಟು ಲಾರಿಗೆ ಮರಳಿದ. ಕೆಲಸ ಬಾರದೆ ಮೇಸ್ತ್ರಿ ಅನ್ನಿಸಿಕೊಳ್ಳುವುದು ಅವನಿಗೂ ಸಾಕಾಗಿತ್ತು, ಪಾಪ. ಫರ್ಹತ್ ಬಸ್ಸಿನಲ್ಲಿ ಒಬ್ಬಳೇ ಓಡಾಡತೊಡಗಿದಳು. ಬಾದನಹಟ್ಟಿ, ಕರೂರು, ಸಿರುಗುಪ್ಪ, ಎಲ್ಲಿ ಹೋದರೂ ಹೆಂಗಸರು ಬಾಗಿಲು ತೆರೆದು ಕಾಯುತ್ತಿದ್ದರು. ಸಂಡಿಗೆಯನ್ನು ಮೊದಲೇ ಎತ್ತಿಡುತ್ತಿದ್ದರು.

ಆದರೆ ಬಾಗಿಲ ಮೇಲಿನ ಬೋರ್ಡು ಹಾಗೇ ಇತ್ತು. ದಿನಾ ಬೆಳಿಗ್ಗೆ ಅವಳು ಅದರ ಕೆಳಗೇ ನಡೆದು ಕೆಲಸಕ್ಕೆ ಬರುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಸಾವ್ಕಾರ್ರ, ಮೆಕ್ಯಾನಿಕ್ ಸಿಕ್ಕಳಲ್ಲ. ಆ ಬೋರ್ಡ್ ಇಳಸ್ರಿ."

"ಇರ್ಲಿ ಬಿಡಮ್ಮಾ. ಆಕಿ ಎಷ್ಟ್ ದಿನ ಇದ್ದಾಳು? ನಾಳಿ ಮದಿವ್ಯಾದ್ರ ಮುಗೀತು. ಯಾರರ ಗಂಡಹುಡುಗ ಸಿಕ್ರ ನೋಡೋಣು."

ಫರ್ಹತ್ ಒಳಗೆ ಪೈಪು ಕತ್ತರಿಸುತ್ತಿದ್ದಳು. ಗರಗಸದ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ನಾನು ಆವತ್ತು ಮಧ್ಯಾಹ್ನ ಬಂದ ಫೋನುಗಳಿಗೆಲ್ಲ ಸಿಡುಕಿದೆ.

ಮರುವಾರ ಸಾವ್ಕಾರರ ಮನೆಯದೇ ಸೋಲಾರ್ ಕೆಟ್ಟಿತು. ಪ್ಯಾನೆಲ್ಲಿನ ತಳದ ತಗಡು ಒಂದು ಕಡೆ ತುಕ್ಕು ಹಿಡಿದು ಕಳಚಿ, ಒಳಗೆ ಕಾವು ನಿಲ್ಲುತ್ತಿರಲಿಲ್ಲ. ಅವರ ಹೆಂಡತಿಯೇ ಫರ್ಹತ್‌ಳನ್ನು ಕರೆಸಿದರು. ಸಂಜೆಗೆ ಕೆಲಸ ಮುಗಿಯಿತು, ಬಿಸಿನೀರು ಬಂತು. ಅಂಗಡಿ ಮುಚ್ಚುವಾಗ ನೋಡಿದರೆ ಬಾಗಿಲ ಮೇಲೆ ಎರಡು ಮೊಳೆ ಮಾತ್ರ ಇದ್ದವು.

"ಬೋರ್ಡ್ ಎಲ್ಲಿ?" ಎಂದು ಅವಳನ್ನು ಕೇಳಿದೆ.

"ಅವರ ಮಾಳಿಗಿ ಮ್ಯಾಲ ಐತಕ್ಕಾ. ತಗಡು ಬೇಕಿತ್ತು, ಅಳತಿ ಸರಿ ಇತ್ತು, ಹಾಕಿ ಬೆಸದುಬಿಟ್ಟೆ. ಅಕ್ಷರ ಕೆಳಗ ಮಾಡೀನಿ."

ನಾನು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಸಾವ್ಕಾರರು ಎರಡು ದಿನ ಬೋರ್ಡು ಹುಡುಕಿದರು. ಅವರು ತಮ್ಮ ಮಾಳಿಗೆ ಎಂದೂ ಹತ್ತಿದವರಲ್ಲ.

ಸೋಮವಾರ ನಾನು ಬಸ್ಸಿಳಿದು ಅಂಗಡಿಗೆ ಬಂದಾಗ ಅದೇ ಮೊಳೆಗಳಿಗೆ ಹೊಸ ಫ್ಲೆಕ್ಸ್ ಕಟ್ಟುತ್ತಿದ್ದರು. ಮೊದಲಿನದಕ್ಕಿಂತ ದೊಡ್ಡದು, ಬಾಗಿಲಿನಷ್ಟು ಅಗಲ. 'ಸೋಲಾರ್ ಮೆಕ್ಯಾನಿಕ್ ಬೇಕಾಗಿದ್ದಾರೆ.' ಪಕ್ಕದಲ್ಲಿ ಹೆಲ್ಮೆಟ್ ಹಾಕಿಕೊಂಡು ಹಲ್ಲು ಕಿರಿದ ಮೀಸೆಯ ಗಂಡಸಿನ ಚಿತ್ರ. ಹಿಂದೆಯೇ ಫರ್ಹತ್ ಬಂದಳು. ಚೀಲ ಹೆಗಲಿನಿಂದ ಇಳಿಸದೆ ಫ್ಲೆಕ್ಸನ್ನು ಮೇಲಿಂದ ಕೆಳಗೆ ನೋಡಿದಳು. ಹತ್ತಿರ ಹೋಗಿ ತುದಿಯನ್ನು ಬೆರಳಲ್ಲಿ ಹಿಡಿದು ಉಜ್ಜಿದಳು.

"ಇದು ಪ್ಲಾಸ್ಟಿಕ್ ಅಕ್ಕಾ," ಎಂದಳು. "ಇದಕ್ಕ ಬೆಸಿಗಿ ಹತ್ತಂಗಿಲ್ಲ."